ಮಣ್ಣಿನ ಗೋಡೆಗೆ ಟ್ಯಾಂಕರ್ ನೀರು

ಪಟ್ಟಂದೂರು ಅಗ್ರಹಾರ, ಶನಿವಾರ

ಚಿಗವ್ವಾ, ಶರಣು.

ಇಲ್ಲಿ ಬಾಡಿಗೆ ಮನೆಗಳಲ್ಲಿರುವ ಹೆಂಗಸರು ಒಟ್ಟಾಗಿ ಸೊಪ್ಪು ತರಕಾರಿ ಬೆಳೆದು, ಒಂದೇ ಕಡೆ ಅಡುಗೆ ಮಾಡಲೆಂದು ನಾನು ಕಟ್ಟಿಸುತ್ತಿರುವ ಮನೆಯ ಮೊದಲ ಗೋಡೆ ಎದ್ದು ನಿಂತಿದೆ. ಮಳೆನೀರಿನ ಗುಂಡಿ ತೋಡಿದಾಗ ಬಂದ ಕೆಂಪು ಮಣ್ಣಿಗೆ ಸುಣ್ಣ ಬೆರೆಸಿ, ಹಲಗೆಗಳ ನಡುವೆ ಗಟ್ಟಿಯಾಗಿ ಬಡಿದು ಮಾಡಿದ ಗೋಡೆ.

ಜಾಗ ಕೊಟ್ಟ ಚಿಕ್ಕಬೈರಪ್ಪನವರಿಗೆ ನಂಬಿಕೆಯಿರಲಿಲ್ಲ. "ಒಂದ್ ಮಳೆಗೆ ಕರಗೋಯ್ತದೆ ಕಣಮ್ಮ. ಕರಗಿದ್ರೆ ಇಲ್ಲಿ ಬಾಡಿಗೆಗೆ ಪೀಜಿ ಹಾಸ್ಟೆಲ್ ಕಟ್ಟಿಸ್ತೀನಿ" ಎಂದವರು ಇವತ್ತು ನೀರಿನ ಟ್ಯಾಂಕರನ್ನೇ ತರಿಸಿಬಿಟ್ಟರು.

"ಬಿಡಿ ಸಾರ್, ನಿಮಗೆ ಸಾಕು ಅನ್ಸೋವರೆಗೂ ಬಿಡಿ" ಎಂದೆ.

ನೀರು ರಭಸವಾಗಿ ಬಡಿಯಿತು. ಮೊದಲು ಕೆಂಪಗೆ ಇಳಿದಾಗ ಹೆಂಗಸರೆಲ್ಲ "ಅಯ್ಯೋ" ಎಂದರು. ಅದು ಮೇಲಿನ ಸಡಿಲ ಮಣ್ಣಷ್ಟೇ. ಆಮೇಲೆ ತಿಳಿನೀರು ಇಳಿಯಿತು, ಗೋಡೆಯ ಒಂದು ಅಂಚೂ ಉದುರಲಿಲ್ಲ.

ಚಿಕ್ಕಬೈರಪ್ಪನವರ ಹೆಂಡತಿ ವಸಂತಮ್ಮ ಗೋಡೆಗೆ ಅಂಗೈ ಒತ್ತಿ ನೋಡಿದರು. "ಕಲ್ಲಾಗೈತೆ. ಅಡ್ಗೆಮನೆ ಕಿಟ್ಕಿ ಈ ಕಡೀಕೆ ಇಡಮ್ಮ, ಸೊಪ್ಪಿನ ಮಡಿ ಕಾಣ್ಬೇಕು" ಎಂದರು. ಚಿಕ್ಕಬೈರಪ್ಪ ಗೋಡೆಯನ್ನೊಮ್ಮೆ, ಹೆಂಡತಿಯನ್ನೊಮ್ಮೆ ನೋಡಿದರು. ಪೈಪನ್ನು ತಾವೇ ಎಳೆದುಕೊಂಡು ಹೋಗಿ, "ಮಿಕ್ಕಿದ್ ನೀರು ಸೊಪ್ಪಿಗಾದ್ರೂ ಆಗ್ಲಿ" ಎಂದು ಮಡಿಗೆ ಬಿಟ್ಟರು. ಪೀಜಿಯ ಮಾತು ಮತ್ತೆ ಬರಲಿಲ್ಲ.

ನನ್ನ ಕೆಮ್ಮು ವಾಸಿಯಾಗಿದೆ, ಊಟವೂ ಚೆನ್ನಾಗಿದೆ. ನಿನ್ನ ಹಿತ್ತಲಿನ ಹೀರೇಬೀಜ ಕಳಿಸು. ಎರಡನೇ ಗೋಡೆಗೆ ಮಣ್ಣು ಕಲಸಿಟ್ಟು ಕೂಗುತ್ತಿದ್ದಾರೆ, ಹೊರಟೆ.

ನಿನ್ನ ಐಶ್ವರ್ಯಾ