ನಿನ್ನ ಹೆಸರಿನಲ್ಲಿ ಕೂಗಿದ್ದು

ಹರ್ಷಿಣಿ,

ಮೀನಿನ ಏಲಂ ಶುರುವಾಗುವ ಮೊದಲು ಬಂದರು ಮುಟ್ಟಬೇಕು, ಹೊರಟೆ. ಬಂಗುಡೆಗೆ ಮಸಾಲೆ ಹಚ್ಚಿ ಇಟ್ಟಿದ್ದೇನೆ, ಕಾವಲಿಯಲ್ಲಿ ಕಾಯಿಸಿದರೆ ಸಾಕು.

ರಾತ್ರಿ ನೀನು ಗಂಡ ಲಕ್ಷಿತ್ ಹತ್ತಿರ ಹೇಳಿದ್ದು ನನಗೆ ಕೇಳಿಸಿತು. ಮಗು ಸಣ್ಣದು, ಮಣಿಪಾಲದ ಪಿಎಚ್‌ಡಿ ಸೀಟು ಬೇಡ ಎಂದು ಬರೆಯುತ್ತೀಯಂತೆ. ತಿಂಗಳು ತಿಂಗಳು ಅವರೇ ಸ್ಟೈಪೆಂಡ್ ಕೊಟ್ಟು ಓದಿಸುವಾಗ ನಿನಗೆ ಎಂತ ಆಗಿದೆ ಮಾರಾಯ್ತಿ? ಮಗುವನ್ನು ನಿನ್ನ ಮಾವ ನೋಡಿಕೊಳ್ಳುತ್ತಾರೆ. ಅವರನ್ನು ಕೇಳಲಿಲ್ಲ, ಹೇಳಿದ್ದೇನೆ.

ನೀನು ಪಿಎಚ್‌ಡಿಗೆ ಸೇರುತ್ತೀ ಎಂದು ನಿನ್ನೆಯೇ ನಾನು ಬಂದರಿನಲ್ಲಿ ಎಲ್ಲರಿಗೂ ಹೇಳಿ ಆಗಿದೆ. ಸೊಸೆ ಓದುವುದು ಎಂತ ಎಂದು ಕೇಳಿದರು. ಸಮುದ್ರದಲ್ಲಿ ಯಾವ ದೇಶದ ಗಡಿ ಎಲ್ಲಿ, ಅಲ್ಲಿಯ ಮೀನು ಯಾರದ್ದು, ಅದರ ಒಪ್ಪಂದಗಳನ್ನು ಎಂದೆ. ಬೂತಾಯಿ ಮೀನಿಗೆ ಗಡಿ ಗೊತ್ತುಂಟಾ ಎಂದು ಅಲ್ಲೇ ದೊಡ್ಡ ಚರ್ಚೆ. ಏಲಂ ಮಾಡುವವನೂ ಮೀನು ಬಿಟ್ಟು ಅದರಲ್ಲಿ ಸೇರಿಕೊಂಡ. ನನಗೆ ನಗೆ ತಡೆಯಲು ಆಗಲಿಲ್ಲ.

ಇವತ್ತು ಸೇರಲು ಕಡೆಯ ದಿನ. ಹಸಿರು ಸೀರೆಗೆ ಇಸ್ತ್ರಿ ಹಾಕಿ ಕುರ್ಚಿಯ ಮೇಲೆ ಇಟ್ಟಿದ್ದೇನೆ.

ಬಂದರಿನಲ್ಲಿ ಒಮ್ಮೆ ರೇಟ್ ಕೂಗಿದ ಮೇಲೆ ಹಿಂದೆ ಸರಿಯುವ ಕ್ರಮ ಇಲ್ಲ. ನಿನ್ನ ಹೆಸರಿನಲ್ಲಿ ನಾನು ಕೂಗಿ ಆಯಿತು. ಹೊರಡು.

ಅತ್ತೆ