ಮೂರನೇ ಮಹಡಿಯ ಗೋಡೆ

ಮಾಲೀಕರಿಗೆ ನಮಸ್ಕಾರ.

ಇಂದು ಬೆಳಿಗ್ಗೆ ಮೂರನೇ ಮಹಡಿಯಲ್ಲಿ ಬಿದ್ದ ಗೋಡೆ ನಾನು ಕಟ್ಟಿದ್ದು. ಮೇಸ್ತ್ರಿಯನ್ನು, ಅಂದರೆ ನನ್ನ ಭಾವನನ್ನು, ಕೆಲಸದಿಂದ ತೆಗೆಯಬೇಡಿ. ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿ ಮಲಗಿದ್ದರೂ ಅವರು ನನ್ನ ಹೆಸರು ಹೇಳುತ್ತಿಲ್ಲ.

ಎತ್ತರಕ್ಕೆ ಕಟ್ಟಿ ಬೀಗುವವರನ್ನು ದೇವರು ನೆಲಕ್ಕೆ ಕೆಡವುತ್ತಾನೆ ಎಂದು ಬೈಬಲಿನ ಹೀಬ್ರೂ ಪ್ರವಾದಿಗಳು ಸಾರಿದ್ದನ್ನು ನಿನ್ನೆ ಊಟದ ಹೊತ್ತಿನಲ್ಲಿ ನಿಮ್ಮ ಮುಖಕ್ಕೇ ಓದಿದೆ. ನೀವು ಹೊರಟುಹೋದಿರಿ. ಭಾವ ನಕ್ಕರು.

"ಪ್ರವಾದಿಗಳೇ, ಭಾಷಣ ಸಾಕು. ನಿಮ್ಮ ಗೋಡೆ ನೆಟ್ಟಗಿದ್ಯಾ ಅಂತ ತೂಕದ ಗುಂಡು ಇಳಿಬಿಟ್ಟು ನೋಡಿದ್ರಾ?"

"ನನ್ನ ಗೋಡೆಗೆ ಯಾಕೆ ಭಾವ? ಸೊಟ್ಟಗಿರೋದು ಮಾಲೀಕರ ಬುದ್ಧಿ."

ಗುಂಡು ನನ್ನ ಜೇಬಿನಲ್ಲೇ ಇತ್ತು. ಅದನ್ನು ತೆಗೆಯದೆಯೇ ಗೋಡೆ ನೆಟ್ಟಗಿದೆ ಎಂದೆ. ಆ ಮಾತು ನಂಬಿ ಭಾವ ಇಂದು ಅದರ ಪಕ್ಕದಲ್ಲಿ ನಿಂತು ಕೆಲಸ ಮಾಡಿದರು.

ತಪ್ಪು ನನ್ನದೆಂದು ಬರೆದುಕೊಳ್ಳಿ. ನಾಳೆಯಿಂದ ನಾನು ಬರುವುದಿಲ್ಲ. ಅವರ ಕಾಲು ಕೂಡಿದ ಮೇಲೆ ಅವರನ್ನು ಕರೆಯಿರಿ.

ಇನ್ನೊಂದು ವಿಷಯವನ್ನು ಅಕ್ಕನಿಗಾಗಲಿ ಭಾವನಿಗಾಗಲಿ ಹೇಳಲಾರೆ, ನಿಮಗೆ ಹೇಳುತ್ತೇನೆ. ಗೋಡೆ ಬಿದ್ದ ಸದ್ದು ಕೇಳಿದಾಗ ನಾನು ಕೆಳಗೆ ಮರಳು ಜರಡಿ ಹಿಡಿಯುತ್ತಿದ್ದೆ. ದೇವರ ತೀರ್ಪು ನಿಮ್ಮ ಮೇಲೆ ಬಂತೆಂದು, ದೂಳು ಇಳಿಯುವ ತನಕ ನನಗೆ ಸಂತೋಷವಾಗಿತ್ತು.

ಆ ಗೋಡೆ ಕಟ್ಟಿದ
ಮೇಸ್ತ್ರಿಯ ಭಾಮೈದ