ಚಿಲಕವಿಲ್ಲದ ಬಾಗಿಲು

ಹೊಲಿಗೆ ಸಂಘದ ಅಧ್ಯಕ್ಷರಿಗೆ, ನಮಸ್ಕಾರ.

ಹೆಂಗಸರಿಗೂ ಗಂಡಸರಷ್ಟೇ ಕೂಲಿ ಕೊಡಬೇಕೆಂಬ ಠರಾವು ನಿನ್ನೆಯ ಸಭೆಯಲ್ಲಿ ಒಂದೇ ಒಂದು ಕೈ ಕಡಿಮೆಯಾಗಿ ಬಿದ್ದುಹೋಯಿತು. "ಹೆಂಗಸರಿಗೇ ಆಸಕ್ತಿ ಇಲ್ಲ, ಅರ್ಧಕ್ಕೇ ಎದ್ದು ಹೋಗ್ತಾರೆ" ಎಂದು ಅನುದಾನ ಕೊಡುವ ವಿದೇಶಿ ಅತಿಥಿಗಳಿಗೆ ನೀವು ಹೇಳಿದಿರಂತೆ.

ನಾವು ಹೋದದ್ದು ಶೌಚಾಲಯಕ್ಕೆ. ಅದರ ಬಾಗಿಲಿಗೆ ಚಿಲಕವಿಲ್ಲ. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ನೀವು ಕೈ ಎತ್ತಿಸಿದಾಗ ಒಳಗಿದ್ದವರು ನನ್ನ ಅತ್ತಿಗೆ. "ಕೈ ಎಣಿಸ್ತಿದ್ದಾರೆ, ನೀನಾದ್ರೂ ಓಡೇ!" ಎಂದು ಒಳಗಿಂದಲೇ ಕೂಗಿದರು. ಬಾಗಿಲು ಬಿಟ್ಟು ಹೇಗೆ ಓಡಲಿ, ನೀವೇ ಹೇಳಿ.

ಚಿಲಕ ಕೇಳಿದಾಗಲೆಲ್ಲ "ಅನುದಾನ ಬರಲಿ, ನೋಡೋಣ" ಎಂದಿರಿ. ಇವತ್ತು ನಾವೇ ತಂದು ಹಾಕಿದೆವು, ಗಟ್ಟಿಯಾಗಿ ಕೂತಿದೆ. ಇನ್ನು ದಯವಿಟ್ಟು ಸಭೆ ಕರೆದು ಮತ್ತೊಮ್ಮೆ ಕೈ ಎತ್ತಿಸಿ.

ಇಂತಿ,
ಬಾಗಿಲು ಹಿಡಿದಿದ್ದವಳು